ಇಬ್ಬರ ಹಾಯಿದೋಣಿಯನ್ನು ಆರಿಸುವ ಬಗೆ

ನಮ್ಮ ಶಾಲೆಯಲ್ಲಿ ಓದಿ, ಈಗ ಹೈದರಾಬಾದಿನಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೊಂದು ಕಾಗದ ಬರೆದಿದ್ದಳು. ಅವಳ ಮಗಳೂ ಅವಳ ಅಕ್ಕನ ಮಗಳೂ ಅಲ್ಲಿಯ ಹುಸೇನ್ ಸಾಗರದಲ್ಲಿ ಎರಡು ವರ್ಷಗಳಿಂದ ಹಾಯಿದೋಣಿ ನಡಿಸಲು ಕಲಿಯುತ್ತಿದ್ದರು. ಇಬ್ಬರೂ ಕೂಡಿ ಪಂದ್ಯದಲ್ಲಿ ಇಳಿಯಬೇಕೆಂಬ ಆಶೆಯುಳ್ಳವರಾದ್ದರಿಂದ ಮನೆಯ ಯಜಮಾನರು ಯಾರದೋ ಮಾತು ಕೇಳಿ, ಎಲ್ಲಕ್ಕಿಂತಲೂ ವೇಗವಾಗಿ ಓಡುವದೆಂಬ ಹೆಸರುಳ್ಳ ಒಂದು ದೋಣಿಯನ್ನು ಎರಡನೆಯ ಕೈಯಿಂದ ಕೊಂಡುಕೊಟ್ಟರು. ಹುಡುಗಿಯರಲ್ಲಿ ಒಬ್ಬಳ ತೂಕ ೪೧ ಕಿಲೋ, ಇನ್ನೊಬ್ಬಳದು ೪೬. ಜುಲೈ ತಿಂಗಳ ಗಾಳಿಯಲ್ಲಿ ಮೊದಲನೆಯ ದಿನವೇ ಆ ದೋಣಿ ಒಂಬತ್ತು ಸಾರಿ ಮಗುಚಿತು. ಹತ್ತನೆಯ ಸಾರಿಗೆ ರಕ್ಷಣೆಯ ದೋಣಿಯವರು ಅವರನ್ನು ದಂಡೆಗೆ ಎಳೆದು ತಂದರು. ಕಿರಿಯವಳು ಮೆಟ್ಟಿಲ ಮೇಲೆ ಕೂತು, ತಾನು ಇನ್ನು ನೀರಿಗೆ ಇಳಿಯುವದಿಲ್ಲವೆಂದು ಹೇಳಿಬಿಟ್ಟಳು. "ತಪ್ಪು ಹುಡುಗಿಯದೋ, ದೋಣಿಯದೋ, ನಮ್ಮದೋ ತಿಳಿಯದು, ತಾವು ತಿಳಿಸಬೇಕು" ಎಂದು ತಾಯಿಯು ಕಾಗದವನ್ನು ಮುಗಿಸಿದ್ದಳು.

ಅವಳಿಗೆ ನಾವು ಕೊಟ್ಟ ಉತ್ತರವನ್ನೇ ಸ್ವಲ್ಪ ಬೆಳಿಸಿ ಇಲ್ಲಿ ಬರೆಯುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಹೈದರಾಬಾದು, ಬೆಂಗಳೂರು, ಚೆನ್ನೈ, ಮುಂಬಯಿಗಳಲ್ಲಿ ನೆಲಸಿರುವರು. ಆ ಊರುಗಳಲ್ಲೆಲ್ಲ ಮಕ್ಕಳು ಈ ವಿದ್ಯೆಯನ್ನು ಕಲಿಯಲು ಅವಕಾಶವುಂಟು. ಹೈದರಾಬಾದಿನ ಯಾಚ್ ಕ್ಲಬ್ಬು ೨೦೦೯ರಲ್ಲಿ ಸ್ಥಾಪಿತವಾಗಿ, ಬಡವರ ಮಕ್ಕಳಿಗೂ ಈ ವಿದ್ಯೆಯನ್ನು ಕಲಿಸಿ ಹೆಸರು ಪಡೆದಿದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರ ಹಾಯಿದೋಣಿಗಳನ್ನು ನೋಡದವರು ವಿರಳ. ಆದ್ದರಿಂದ ಇಂದು ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ನಾಳೆ ಹತ್ತು ಮಂದಿ ಕೇಳಬಹುದು.

ಯಾದಗಿರಿ, ಶಹಾಪುರ, ಸುರಪುರಗಳ ಜನರಿಗೂ ಹಾಯಿದೋಣಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಕೃಷ್ಣೆಯಲ್ಲಾಗಲಿ ಭೀಮೆಯಲ್ಲಾಗಲಿ ಹಾಯಿ ಬಿಚ್ಚಿದ ಪಂದ್ಯದ ದೋಣಿಯನ್ನು ನಾವೂ ಕಂಡವರಲ್ಲ. ನಮ್ಮ ನದಿಗಳ ವಾಹನವು ಹರಿಗೋಲು. ಬಿದಿರ ಸಲಿಕೆಗಳಿಂದ ದೊಡ್ಡ ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಚೆಗೆ ಡಾಂಬರು ಬಳಿದ ತಾಡಪತ್ರಿಯನ್ನೂ ಹೊದಿಸಿ ಮಾಡುವ ಈ ಗುಂಡು ದೋಣಿಯನ್ನು ನಮ್ಮಲ್ಲಿ ಕಾಣದ ಮಕ್ಕಳಿಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯನ್ನು ದಾಟಿಸುವ ಇಂಥ ಬುಟ್ಟಿದೋಣಿಗಳನ್ನು ಕಂಡು, ಅವು ಗಿರಗಿರನೆ ತಿರುಗುತ್ತಲೇ ಮುಂದರಿಯುವದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಈ ತಿರುಗುವಿಕೆಯಲ್ಲಿಯೇ ನಮ್ಮ ವಿಷಯದ ಮೊದಲನೆಯ ಪಾಠವಿದೆ. ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ. ನೀರನ್ನು ಹಿಡಿದು ನಿಲ್ಲುವ ಯಾವ ಅಂಗವೂ ಅದರ ಹೊಟ್ಟೆಯಡಿಯಲ್ಲಿ ಇಲ್ಲ. ಅದಕ್ಕೊಂದು ಕಂಬ ನೆಟ್ಟು ಹಾಯಿ ಕಟ್ಟಿದರೆ ಗಾಳಿ ಬೀಸಿದ ಕಡೆಗೆ ಕೊಚ್ಚಿಹೋಗುವದೇ ಹೊರತು ಬೇರೆ ಕಡೆಗೆ ಹೋಗಲಾರದು. ಹಾಯಿದೋಣಿಯಲ್ಲಾದರೋ ನಡುವಿನ ಸೀಳಿನೊಳಗಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಅದನ್ನು ನಾವು ನಡುಹಲಗೆ ಎನ್ನೋಣ. ಗಾಳಿಯು ಹಾಯಿಯನ್ನು ಪಕ್ಕಕ್ಕೆ ನೂಕುವಾಗ ಈ ಹಲಗೆಯು ಪಕ್ಕಕ್ಕೆ ಸರಿಯಗೊಡದೆ ತಡೆಯುವದು. ಆಗ ದೋಣಿಗೆ ಮುಂದಕ್ಕೆ ಜಾರುವದೊಂದೇ ದಾರಿ ಉಳಿಯುವದು. ಎರಡು ಬೆರಳುಗಳ ನಡುವೆ ಒತ್ತಿದ ಹಸಿ ಹುಣಿಸೆಬೀಜವು ಚಿಮ್ಮಿ ಹೋಗುವಂತೆ ಎಂದರೆ ಮಕ್ಕಳಿಗೆ ತಿಳಿಯುವದು.

ಆದರೆ ಅದೇ ಗಾಳಿಯು ದೋಣಿಯನ್ನು ಮುಂದಕ್ಕೆ ಓಡಿಸುವದರ ಜೊತೆಗೆ ಪಕ್ಕಕ್ಕೆ ಓರೆಮಾಡುವದು. ದೊಡ್ಡ ಹಡಗುಗಳ ಅಡಿಯಲ್ಲಿ ಸೀಸವನ್ನೋ ಕಬ್ಬಿಣವನ್ನೋ ತೂಗಹಾಕಿ ಈ ಓರೆಯನ್ನು ತಡೆಯುತ್ತಾರೆ. ಚಿಕ್ಕ ಪಂದ್ಯದ ದೋಣಿಯಲ್ಲಿ ಆ ಭಾರವಿಲ್ಲ. ಅಲ್ಲಿ ಭಾರವೆಂದರೆ ಮಕ್ಕಳೇ. ಇಬ್ಬರೂ ಗಾಳಿ ಬರುವ ಕಡೆಯ ಅಂಚಿನ ಮೇಲೆ ಕೂತು, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ ದೋಣಿಯನ್ನು ನೆಟ್ಟಗೆ ನಿಲ್ಲಿಸಬೇಕು. ಹಾಯಿ ಎಷ್ಟು ದೊಡ್ಡದೋ ಅಷ್ಟು ಭಾರ ಬೇಕು. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ದೋಣಿಯನ್ನು ಆರಿಸುವ ಕೆಲಸದಲ್ಲಿ ಮುಕ್ಕಾಲು ಭಾಗ ಮುಗಿದಂತೆಯೇ. ಮೇಲೆ ಹೇಳಿದ ಮನೆಯಲ್ಲಿ ಹುಡುಗಿಯರ ತೂಕವು ಕೂಡಿ ೮೭ ಕಿಲೋ. ಅವರಿಗೆ ಕೊಡಿಸಿದ ದೋಣಿಯು ಸುಮಾರು ೧೧೫ರಿಂದ ೧೪೦ ಕಿಲೋ ತೂಗುವ ಜೋಡಿಗೆ ಹೊಂದುವಂಥದು. ಹುಡುಗಿಯರ ಎದೆಗಾರಿಕೆಯಲ್ಲಿ ಏನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಮೂವತ್ತು ಕಿಲೋಗಳಷ್ಟು ಮಾತ್ರ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಲಂಗವನ್ನೂ ಚಪ್ಪಲಿಯನ್ನೂ ಒಂದು ಅಳತೆ ದೊಡ್ಡದಾಗಿಯೇ ಕೊಳ್ಳುವದು ರೂಢಿ. "ಬೆಳೆಯುವ ಮಗು" ಎನ್ನುತ್ತೇವೆ. ಲಂಗವು ದೊಡ್ಡದಾದರೆ ಒಂದು ಮಡಿಕೆ ಹೊಲಿಯಬಹುದು. ದೋಣಿಗೆ ಮಡಿಕೆ ಹೊಲಿಯಲಾಗದು. ಎರಡು ವರ್ಷಗಳ ಮೇಲೆ ಹೊಂದಬಹುದಾದ ದೋಣಿಯನ್ನು ಇಂದೇ ಕೊಟ್ಟರೆ ಮಗು ಆ ಎರಡು ವರ್ಷ ನೀರಿನಲ್ಲಿ ಬೀಳುವದನ್ನಷ್ಟೇ ಕಲಿಯುವದು. ಇಲ್ಲವೆ, ಆ ಕಿರಿಯ ಹುಡುಗಿಯಂತೆ, ದಂಡೆಯಲ್ಲಿ ಕೂತುಬಿಡುವದು.

ಇನ್ನು ದೋಣಿಗಳ ಕುಲಗಳನ್ನು ಹೇಳುತ್ತೇವೆ. ಪಂದ್ಯದ ಚಿಕ್ಕ ದೋಣಿಗೆ ಲೋಕವೆಲ್ಲ ಡಿಂಗಿ ಎನ್ನುವದಷ್ಟೆ. ಅದು ಇಂಗ್ಲಿಷರು ನಮ್ಮ ದೇಶದ ಹಿಂದಿ, ಬಂಗಾಳಿ ಅಂಬಿಗರ ಬಾಯಿಂದ ಎತ್ತಿಕೊಂಡುಹೋದ ಶಬ್ದವೆಂಬದನ್ನು ನಮ್ಮ ಹುಡುಗಿಯರು ತಿಳಿದಿರಲಿ. ಡಿಂಗಿಗಳಲ್ಲಿ ಒಬ್ಬರದು, ಇಬ್ಬರದು ಎಂದು ಎರಡು ಬಗೆ. ಮಕ್ಕಳು ಸಾಮಾನ್ಯವಾಗಿ ಆಪ್ಟಿಮಿಸ್ಟ್ ಎಂಬ ಒಬ್ಬರ ದೋಣಿಯಲ್ಲಿ ಕಲಿಕೆಯನ್ನು ಆರಂಭಿಸುವರು. ೧೯೪೭ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವನು ರೂಪಿಸಿದ ಈ ಚೌಕ ಮೂತಿಯ ದೋಣಿಯು ಸುಮಾರು ೨.೩ ಮೀಟರ್ ಉದ್ದ, ೩೫ ಕಿಲೋ ತೂಕ. ಹದಿನೈದು ವರ್ಷದವರೆಗೆ ಇದರಲ್ಲಿ ಪಂದ್ಯ ಆಡಬಹುದು. ಈ ತೊಟ್ಟಿಯಂಥ ದೋಣಿಯನ್ನು ಕಂಡು ಹೊರಗಿನವರು ನಗುವರು. ಆದರೆ ಗಾಳಿ ಯಾವ ಕಡೆಯದು ಎಂಬದನ್ನು ಕೆನ್ನೆಯ ಮೇಲೆ ತಿಳಿಯಲು ಇದಕ್ಕಿಂತ ಒಳ್ಳೆಯ ಗುರುವನ್ನು ನಾವು ಕಾಣೆವು. ಇದರಲ್ಲಿ ಒಂದೆರಡು ಮಳೆಗಾಲ ಕಳೆಯದ ಮಗುವಿಗೆ ಇಬ್ಬರ ದೋಣಿಯ ಮಾತೇ ಬೇಡ.

ಇಬ್ಬರ ದೋಣಿಗಳಲ್ಲಿ ಚಿಕ್ಕವೂ ಹಳೆಯವೂ ಆದವು ಕೆಡೆಟ್ ಮತ್ತು ಮಿರರ್. ಎರಡರಲ್ಲಿಯೂ ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬ ಬಡಗಿಯ ಕೈವಾಡವುಂಟು. ಕೆಡೆಟ್ಟನ್ನು ಅವನು ೧೯೪೭ರಲ್ಲಿ ಹುಡುಗ ಹುಡುಗಿಯರಿಗಾಗಿಯೇ ರಚಿಸಿದನು, ಉದ್ದ ೩.೨೨ ಮೀಟರ್, ತೂಕ ೫೪ ಕಿಲೋ. ಮಿರರ್ ದೋಣಿಯು ೧೯೬೨ರದು. ಪ್ಲೈವುಡ್ಡಿನ ಹಲಗೆಗಳನ್ನು ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಕೂಡುಗೆರೆಗಳಿಗೆ ಅಂಟು ಬಳಿದು, ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದಾದ ದೋಣಿಯಿದು. ಒಂದು ದಿನಪತ್ರಿಕೆಯು ಜನಸಾಮಾನ್ಯರಿಗೆ ಹಾಯಿದೋಣಿ ಎಟಕುವಂತೆ ಮಾಡಲು ಇದನ್ನು ಮಾಡಿಸಿತು. ಎರಡೂ ಕಡಿಮೆ ತೂಕದ ಮಕ್ಕಳಿಗೆ ಬಹಳ ತಕ್ಕವು. ನಮ್ಮ ಮೊದಲಿನ ಹುಡುಗಿಯರಿಗೆ, ತೂಕವೊಂದನ್ನೇ ನೋಡಿದರೆ, ಕೆಡೆಟ್ಟೇ ಸರಿಯಾಗುತ್ತಿತ್ತು. ಆದರೆ ಆ ಕೆರೆಯಲ್ಲಿ ಅದರ ಜೊತೆಗೆ ಓಡಲು ಬೇರೊಂದು ಕೆಡೆಟ್ ನಮ್ಮ ಕಣ್ಣಿಗೆ ಬೀಳಲಿಲ್ಲ. ಇದರ ಮಾತನ್ನು ಮುಂದೆ ಹೇಳುವೆವು.

ಅದೇ ಹೋಲ್ಟನು ೧೯೫೬ರಲ್ಲಿ ಮಾಡಿದ ಎಂಟರ್‌ಪ್ರೈಸ್ ಎಂಬ ನೀಲಿ ಹಾಯಿಯ ದೋಣಿಯು ನಮ್ಮ ದೇಶದ ಕ್ಲಬ್ಬುಗಳಲ್ಲಿಯೂ ಸೈನ್ಯದವರಲ್ಲಿಯೂ ಬಹುಕಾಲದಿಂದ ಪರಿಚಿತವಾದದ್ದು. ಉದ್ದ ೪.೦೪ ಮೀಟರ್. ೧೯೮೨ರ ಏಷ್ಯನ್ ಕ್ರೀಡೆಗಳಲ್ಲಿ ಇದಕ್ಕೂ ಒಂದು ಪಂದ್ಯವಿತ್ತು. ಆ ವರ್ಷವೇ ಫೈರ್‌ಬಾಲ್ ಎಂಬ ಇನ್ನೊಂದು ಇಬ್ಬರ ದೋಣಿಯಲ್ಲಿ ನಮ್ಮವರಾದ ಫರೋಕ್ ತಾರಾಪೋರ್, ಜರೀರ್ ಕರಂಜಿಯಾ ಎಂಬವರು ಚಿನ್ನದ ಪದಕವನ್ನು ಗಳಿಸಿದರು. ಎಂಟರ್‌ಪ್ರೈಸಿನಲ್ಲಿ ಬಲೂನಿನಂಥ ಮೂರನೆಯ ಹಾಯಿ ಇಲ್ಲ, ಹೊರಗೆ ಜೋತಾಡುವ ತಂತಿಯೂ ಇಲ್ಲ. ತಂದೆ ಮಗಳು, ಅಕ್ಕ ತಮ್ಮ ಕೂಡಿ ಆನಂದವಾಗಿ ಓಡಿಸಬಹುದಾದ ಸಾಧುದೋಣಿ. ಆದರೆ ಮುಂದೆ ದೊಡ್ಡ ಪಂದ್ಯಗಳಿಗೆ ಹೋಗಬೇಕೆನ್ನುವವರನ್ನು ಇದು ಅಲ್ಲಿಯವರೆಗೆ ಕೊಂಡೊಯ್ಯುವದಿಲ್ಲ.

ಕೊಂಡೊಯ್ಯುವ ದೋಣಿಯೆಂದರೆ, ನಮ್ಮ ಅಭಿಪ್ರಾಯದಲ್ಲಿ, ೪೨೦. ಫ್ರಾನ್ಸ್ ದೇಶದ ಕ್ರಿಸ್ತಿಯಾಂ ಮೋರಿ ಎಂಬವನು ೧೯೫೯ರಲ್ಲಿ ಇದನ್ನು ರಚಿಸಿದನು. ಉದ್ದ ೪ ಮೀಟರ್ ೨೦ ಸೆಂಟಿಮೀಟರ್ ಇರುವದೇ ಹೆಸರಿನ ಕಾರಣ. ಒಡಲಿನ ತೂಕ ೮೦ ಕಿಲೋ. ದೊಡ್ಡ ಹಾಯಿ, ಮುಂದಿನ ಚಿಕ್ಕ ಹಾಯಿ ಇವಲ್ಲದೆ, ಗಾಳಿಯೊಡನೆ ಓಡುವಾಗ ಬಿಚ್ಚುವ ಸ್ಪಿನೇಕರ್ ಎಂಬ ಉಬ್ಬುಹಾಯಿಯೂ ಇದರಲ್ಲಿ ಉಂಟು. ಜೊತೆಗಾತಿಯು ಸೊಂಟಕ್ಕೆ ಪಟ್ಟಿ ಬಿಗಿದು, ಕಂಬದ ಮೇಲ್ಭಾಗದಿಂದ ಇಳಿಬಿಟ್ಟ ತಂತಿಗೆ ಕೊಕ್ಕೆ ಹಾಕಿ, ಪಾದಗಳನ್ನು ದೋಣಿಯ ಅಂಚಿಗೆ ಊರಿ, ಮೈಯೆಲ್ಲವನ್ನೂ ನೀರಿನ ಮೇಲೆ ಚಾಚಿ ನಿಲ್ಲುವಳು. ಇದಕ್ಕೆ ಟ್ರಪೀಜ್ ಎನ್ನುವರು. ಮೊದಲು ನೋಡಿದಾಗ ನಮ್ಮ ಎದೆ ಝಲ್ಲೆಂದದ್ದು ನಿಜ. ಆದರೆ ಆ ಹುಡುಗಿಯ ಮುಖವನ್ನು ನೋಡಿದ ಮೇಲೆ ಅಂಜಿಕೆ ಹೋಯಿತು. ಉಯ್ಯಾಲೆಯ ಮೇಲಿನ ಮಗುವಿನ ಮುಖ ಅದು. ಇಬ್ಬರ ತೂಕ ಕೂಡಿ ಸುಮಾರು ೧೦೦ರಿಂದ ೧೩೦ ಕಿಲೋ ಇದ್ದರೆ ಈ ದೋಣಿಯು ಹೇಳಿದಂತೆ ಕೇಳುವದು. ತೊಂಬತ್ತರ ಆಸುಪಾಸಿನವರೂ ಮಂದಗಾಳಿಯಲ್ಲಿ ಇದನ್ನು ನಡಿಸಬಲ್ಲರು. ಗಾಳಿ ಬಲವಾದ ದಿನ ಮಾತ್ರ ದಂಡೆಯಲ್ಲಿ ಉಳಿಯಬೇಕು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಅಮೆರಿಕದಲ್ಲಿ ಕ್ಲಬ್ ೪೨೦ ಎಂಬ, ಹೆಚ್ಚು ಭಾರವಾದ, ಬೇರೊಂದು ದೋಣಿ ರೂಢಿಯಲ್ಲಿದೆ. ಹೆಸರು ಒಂದೇ ಎಂದು ಅದರ ಹಾಯಿಯನ್ನೋ ಸಲಕರಣೆಯನ್ನೋ ಇದಕ್ಕೆ ತರಿಸಿದರೆ ಹಣ ವ್ಯರ್ಥ.

೪೨೦ರ ಅಕ್ಕನೆನ್ನಬಹುದಾದ ೪೭೦ ಎಂಬ ದೋಣಿಯನ್ನು ಆಂದ್ರೇ ಕಾರ್ನ್ಯೂ ಎಂಬವನು ೧೯೬೩ರಲ್ಲಿ ರಚಿಸಿದನು. ಅದು ೧೯೭೬ರಿಂದ ಒಲಿಂಪಿಕ್ ಪಂದ್ಯದಲ್ಲಿದೆ. ೧೯೮೮ರಲ್ಲಿ ಹೆಂಗಸರಿಗೆಂದೇ ಬೇರೆ ಪಂದ್ಯವಾಯಿತು. ೨೦೨೪ರ ಪ್ಯಾರಿಸ್ ಕ್ರೀಡೆಗಳಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಕೂಡಿಯೇ ಇದನ್ನು ನಡಿಸಬೇಕೆಂಬ ನಿಯಮ ಬಂದಿದೆ. ಹೈದರಾಬಾದಿನ ಕೆರೆಯಲ್ಲಿ ಕಲಿತ ಪ್ರೀತಿ ಕೊಂಗರ ಎಂಬವಳು, ೨೦೨೩ರಲ್ಲಿ ಚೀನದ ಹಾಂಗ್‌ಜೌ ಪಟ್ಟಣದಲ್ಲಿ ನೆರವೇರಿದ ಏಷ್ಯನ್ ಕ್ರೀಡೆಗಳಲ್ಲಿ ಸುಧಾಂಶು ಶೇಖರನೊಡನೆ ಈ ೪೭೦ ದೋಣಿಯನ್ನು ನಡಿಸಿದಳು. ಕೆರೆಯ ನೀರು ಸಮುದ್ರಕ್ಕೆ ಹೋಗಿ ಮುಟ್ಟುವದೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ೪೭೦ರ ಒಡಲು ೧೨೦ ಕಿಲೋ. ಅದು ಬೆಳೆದವರ ದೋಣಿ, ಶಾಲೆಯ ಮಕ್ಕಳದಲ್ಲ.

ಉಳಿದದ್ದು ಟ್ವೆಂಟಿನೈನರ್. ನಮ್ಮ ಹುಡುಗಿಯರನ್ನು ಒಂಬತ್ತು ಸಾರಿ ನೀರಿಗೆ ಕೆಡವಿದ ದೋಣಿ ಇದೇ. ಆಸ್ಟ್ರೇಲಿಯದ ಜೂಲಿಯನ್ ಬೆತ್ವೇಟ್ ಎಂಬವನು ೧೯೯೦ರ ದಶಕದ ಕೊನೆಗೆ ಇದನ್ನು ರೂಪಿಸಿದನು. ಇದರ ಅಣ್ಣನಾದ ಫಾರ್ಟಿನೈನರ್ ಎಂಬದು ೨೦೦೦ದ ಸಿಡ್ನಿ ಒಲಿಂಪಿಕ್ಕಿನಿಂದಲೂ ಪಂದ್ಯದಲ್ಲಿದೆ. ಹೆಂಗಸರಿಗೆಂದು ಹೊಂದಿಸಿದ ಅದರ ಎಫ್ಎಕ್ಸ್ ಬಗೆಯು ೨೦೧೬ರಲ್ಲಿ ಸೇರಿತು. ಟ್ವೆಂಟಿನೈನರ್ ಉದ್ದದಲ್ಲಿ ೪.೪೫ ಮೀಟರ್, ಒಡಲು ಹಗುರು, ಉಬ್ಬುಹಾಯಿ ಬಹು ದೊಡ್ಡದು. ನಿಂತ ದೋಣಿಯು ತನ್ನಷ್ಟಕ್ಕೆ ನೆಟ್ಟಗಿರಲಾರದು. ಸೈಕಲ್ಲಿನಂತೆ ಓಡುತ್ತಿದ್ದರೆ ಮಾತ್ರ ಸ್ಥಿರ. ಬೆಳೆದ, ಬಲವುಳ್ಳ, ಈಗಾಗಲೇ ಪಳಗಿದ ಹುಡುಗಿಯರಿಗೆ ಇದು ರೆಕ್ಕೆಗಳನ್ನು ಕೊಡುವದು. ೨೦೧೪ರಲ್ಲಿ ಕೊರಿಯದ ಇಂಚಾನಿನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ವರ್ಷಾ ಗೌತಮ್, ಐಶ್ವರ್ಯಾ ನೆಡುಂಚೆಳಿಯನ್ ಎಂಬ ಇಬ್ಬರು ಇದೇ ದೋಣಿಯಲ್ಲಿ ಕಂಚಿನ ಪದಕ ಪಡೆದರು. ಅದೇ ವರ್ಷಾ ೨೦೧೮ರಲ್ಲಿ ಶ್ವೇತಾ ಶೇರ್ವೆಗಾರಳೊಡನೆ ಎಫ್ಎಕ್ಸ್ ದೋಣಿಯಲ್ಲಿ ಬೆಳ್ಳಿಯನ್ನು ತಂದಳು. ಈ ವರ್ತಮಾನವನ್ನು ಪತ್ರಿಕೆಯಲ್ಲಿ ಓದಿದ ತಂದೆಯೊಬ್ಬನು ತನ್ನ ಮಗಳಿಗೂ ಅದೇ ದೋಣಿ ಬೇಕೆನ್ನುವದು ಸಹಜವೇ. ಪದಕವನ್ನು ನೋಡಿ ದೋಣಿಯನ್ನು ಕೊಳ್ಳುವದು ಹೀಗೆಯೇ ಆರಂಭವಾಗುವದು.

ಈಗ ಕೆಡೆಟ್ಟಿನ ವಿಷಯದಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತು. ತೂಕದ ತರುವಾಯ ನೋಡತಕ್ಕದ್ದು ದೋಣಿಯ ನೆರೆಹೊರೆ. ಪಂದ್ಯವು ಒಂದೇ ಅಚ್ಚಿನ ದೋಣಿಗಳೊಳಗೆ ನಡೆಯತಕ್ಕದ್ದು. ದೋಣಿ ಒಂದೇ ಆದ್ದರಿಂದಲೇ ಗೆಲುವು ಕೈಚಳಕದ್ದೆಂದು ಹೇಳಲಾಗುವದು. ಮಗು ಕಲಿಯುವ ಕೆರೆಯಲ್ಲಿ ಎಂಟು ಹತ್ತು ೪೨೦ಗಳಿದ್ದು, ನೀವು ಮಾತ್ರ ಬೇರೆ ದೇಶದಿಂದ ಅತ್ಯುತ್ತಮವಾದ ಇನ್ನೊಂದು ಬಗೆಯನ್ನು ತರಿಸಿದರೆ ಅವಳು ಯಾರೊಡನೆ ಓಡಬೇಕು? ಮುರಿದ ಕೊಂಡಿಗೆ ಬದಲನ್ನು ಯಾರಿಂದ ಎರವಲು ತರಬೇಕು? ಮೇಲಿನ ಹುಡುಗಿಯರು ಕಂಬಕ್ಕೆ ತಂತಿಯನ್ನು ಎಷ್ಟು ಬಿಗಿಯಬೇಕೆಂದು ಕಿರಿಯರಿಗೆ ತೋರಿಸಿಕೊಡುವರು. ಈ ಕಲಿಕೆ ಪುಸ್ತಕದಲ್ಲಿ ಸಿಕ್ಕದು. ಆದ್ದರಿಂದ ತಾಯ್ತಂದೆಗಳು ಕ್ಲಬ್ಬಿಗೆ ಹೋಗಿ ಮೊದಲು ದಂಡೆಯಲ್ಲಿ ಯಾವ ಯಾವ ದೋಣಿ ಎಷ್ಟೆಷ್ಟಿವೆಯೆಂದು ಎಣಿಸಬೇಕು. ಆ ಎಣಿಕೆಯು ಮಾರುವವನ ಎಲ್ಲ ವರ್ಣನೆಗಳಿಗಿಂತಲೂ ಹೆಚ್ಚು ನಂಬತಕ್ಕದ್ದು. ಕ್ಲಬ್ಬಿನ ದೋಣಿಯನ್ನೇ ಬಾಡಿಗೆಗೆ ಹಿಡಿಯಲು ಸಾಧ್ಯವಾದರೆ ಮೊದಲನೆಯ ವರ್ಷ ಕೊಳ್ಳುವ ಗೋಜಿಗೇ ಹೋಗಬಾರದೆಂದು ನಮ್ಮ ಖಂಡಿತವಾದ ಅಭಿಪ್ರಾಯ.

ನೀರನ್ನೂ ನೋಡಬೇಕು. ನಮ್ಮ ದಖ್ಖಣದ ಕೆರೆಗಳಲ್ಲಿ ಗಾಳಿಯು ಸಮುದ್ರದಂತೆ ಒಂದೇ ಸಮನೆ ಬೀಸುವದಿಲ್ಲ. ಜೂನಿನಿಂದ ಆಗಸ್ಟಿನವರೆಗೆ ಮುಂಗಾರಿನ ಪಡುವಣ ಗಾಳಿ ಬಲವಾಗಿರುವದು. ಹೈದರಾಬಾದಿನ ಮುಂಗಾರು ಪಂದ್ಯವು ಜುಲೈಯಲ್ಲಿ ನಡೆಯುವದು ಅದಕ್ಕಾಗಿಯೇ. ಚಳಿಗಾಲದಲ್ಲಿ ಹಾಯಿಯು ಒಣಗಹಾಕಿದ ಸೀರೆಯಂತೆ ಜೋತುಬೀಳುವ ದಿನಗಳೂ ಉಂಟು. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ ಕಟ್ಟಿದ ಹುಸೇನ್ ಸಾಗರದ ಸುತ್ತಲೂ ಈಗ ಎತ್ತರದ ಕಟ್ಟಡಗಳು ಎದ್ದಿರುವದರಿಂದ ಗಾಳಿಯು ಅವುಗಳ ನಡುವೆ ನುಸುಳಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೊಡೆಯುವದು. ಹೀಗೆ ಹೊರಳುವ ಗಾಳಿಗೆ, ಬೇಗ ತಿರುಗಬಲ್ಲ ಸಮಾಧಾನದ ದೋಣಿಯೇ ಲೇಸು. ವಿಶಾಲವಾದ ಸಮುದ್ರದಲ್ಲಿ ಹಾರಲು ಮಾಡಿದ ದೋಣಿಯು ಇಲ್ಲಿ ಅರ್ಧ ಹೊತ್ತು ತಡಕಾಡುವದರಲ್ಲಿಯೇ ಕಳೆಯುವದು. ಆ ನೀರು ಶುದ್ಧವಾದದ್ದಲ್ಲವೆಂಬದನ್ನೂ ಮುಚ್ಚಿಡಲಾರೆವು. ಮಕ್ಕಳು ದಂಡೆಗೆ ಬಂದೊಡನೆ ಸೋಪು ಹಚ್ಚಿ ಮೀಯಬೇಕು. ಗಾಯವಿದ್ದ ದಿನ ಇಳಿಯಬಾರದು.

ಹಳೆಯ ದೋಣಿಯನ್ನು ಕೊಳ್ಳುವವರು ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಅಜ್ಜಿಯರನ್ನು ನೆನೆಯಬೇಕು. ಒಡಲನ್ನೆಲ್ಲ ಗೆಣ್ಣಿನಿಂದ ಬಾರಿಸುತ್ತ ಹೋಗಿರಿ. ಗಟ್ಟಿಯಾದ ಕಡೆ ಸ್ಪಷ್ಟವಾದ ನಾದವಿರುವದು. ಪದರುಗಳು ಬಿಟ್ಟುಕೊಂಡ ಕಡೆ ಬದ್ದೆನ್ನುವದು. ಕಂಬದ ಬುಡದಲ್ಲಿಯೂ ಮಕ್ಕಳು ಪಾದ ಊರುವ ಅಂಚಿನಲ್ಲಿಯೂ ಹೆಬ್ಬೆರಳಿನಿಂದ ಒತ್ತಿ ನೋಡಿರಿ; ಮೆತ್ತಗಿದ್ದರೆ ಬಿಟ್ಟುಬಿಡಿರಿ. ಗಾಳಿ ತುಂಬಿರಬೇಕಾದ ಒಳಗಿನ ಕೋಣೆಗಳ ಬಿರಡೆ ತೆಗೆದು ನೀರು ಸುರಿಯುವದೋ ಎಂದು ನೋಡಿರಿ. ಸಾಧ್ಯವಾದರೆ ತೂಗಿಸಿರಿ, ೮೦ ಕಿಲೋ ಇರಬೇಕಾದ ಒಡಲು ೯೦ ತೂಗಿದರೆ ಅದು ನೀರು ಕುಡಿದಿದೆಯೆಂದೇ ತಿಳಿಯಬೇಕು. ಅಂಥ ದೋಣಿಯು ಪಂದ್ಯದಲ್ಲಿ ಮುಂದೆ ಬಾರದು, ಮಗುವು ತನ್ನ ಕೈಲಾಗದೆಂದು ತಿಳಿದುಕೊಳ್ಳುವದು. ಹಾಯಿಯು ಹೊಸ ಕಾಗದದಂತೆ ಸಪ್ಪಳ ಮಾಡಬೇಕು. ಒಗೆದ ಹಳೆಯ ಪಂಚೆಯಂತಾಗಿದ್ದರೆ ಹೊಸ ಹಾಯಿಯ ಬೆಲೆಯನ್ನೂ ಲೆಕ್ಕದಲ್ಲಿ ಸೇರಿಸಿರಿ. ಒಡಲ ಬೆಲೆಯೊಂದನ್ನೇ ಕೇಳಿ ಸಂತೋಷಪಟ್ಟವರು ತರುವಾಯ ಹಾಯಿ, ಹಗ್ಗ, ಹೊದಿಕೆ, ಸಾಗಿಸುವ ಗಾಡಿ ಇವುಗಳಿಗಾಗಿ ಕೈ ಕಚ್ಚಿಕೊಂಡದ್ದನ್ನು ಕಂಡಿದ್ದೇವೆ.

ತಾಯಂದಿರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ ಇವು ಯಾವವೂ ಅಲ್ಲವೆಂದು ನಾವು ಬಲ್ಲೆವು. ಮುಳುಗಿದರೆ ಏನು ಗತಿ ಎಂಬದೇ ಆ ಪ್ರಶ್ನೆ. ನಮ್ಮ ನದಿಗಳು ಎಷ್ಟೋ ಮನೆಗಳಿಂದ ಮಕ್ಕಳನ್ನು ಕೊಂಡುಹೋಗಿವೆ. ಈ ಭೀತಿಯನ್ನು ಯಾರೂ ಹಗುರಾಗಿ ಎಣಿಸಬಾರದು. ಆದರೆ ನೀರಿನ ಮೇಲೆ ಮೈಯನ್ನು ತೇಲಿಸಿಡುವ ವಿದ್ಯೆಯೂ ನಮ್ಮವರಿಗೆ ಹೊಸದಲ್ಲ. ಬಸವಸಾಗರದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸುತ್ತ ಕೃಷ್ಣೆ ತುಂಬಿ ನಡುಗಡ್ಡೆಯಾಗುವ ನೀಲಕಂಠರಾಯನಗಡ್ಡಿಯ ಹೆಸರನ್ನು ಸುರಪುರದ ಸೀಮೆಯವರೆಲ್ಲ ಕೇಳಿದ್ದಾರೆ. ೨೦೧೪ರ ಮಳೆಗಾಲದಲ್ಲಿ ಆ ಊರಿನ ತುಂಬು ಗರ್ಭಿಣಿಯೊಬ್ಬಳು, ಹೆರಿಗೆಗೆ ಆಸ್ಪತ್ರೆಗೆ ಮುಟ್ಟಬೇಕೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರು ಸುತ್ತ ಈಜುತ್ತಿರಲು, ಉಕ್ಕುವ ನದಿಯನ್ನು ದಾಟಿ ದಡ ಸೇರಿದಳು. ಅವಳನ್ನು ತೇಲಿಸಿದ್ದು ಬುರುಡೆಯೊಳಗಿನ ಗಾಳಿ. ಮಕ್ಕಳು ತೊಡುವ ತೇಲುಅಂಗಿಯಲ್ಲಿ ಬುರುಡೆಗೆ ಬದಲಾಗಿ ಹಗುರಾದ ನೊರೆಯ ಪಟ್ಟಿಗಳನ್ನು ಹೊಲಿದಿರುವರು, ಅಷ್ಟೇ ವ್ಯತ್ಯಾಸ. ಅದು ಮಗುವಿನ ತೂಕಕ್ಕೆ ಸರಿಯಾದ ಅಳತೆಯದಾಗಿರಬೇಕು. ತೋಳುಗಳನ್ನು ಮೇಲೆತ್ತಿಸಿ, ಭುಜದ ಪಟ್ಟಿಗಳನ್ನು ಹಿಡಿದೆತ್ತಿದರೆ ಕಿವಿಗಳವರೆಗೆ ಏರಿ ಬರಬಾರದು. ಇಲ್ಲಿಯೂ "ಬೆಳೆಯುವ ಮಗು" ಎಂಬ ಲೆಕ್ಕ ಬೇಡ.

ಹಾಯಿದೋಣಿಯು ಮಗುಚುವದು ಅಪಘಾತವಲ್ಲ, ಪಾಠದ ಒಂದು ಭಾಗ. ಹರಿಗೋಲು ಮಗುಚಿದರೆ ಕೆಲಸ ಕೆಟ್ಟಿತು. ಡಿಂಗಿಯು ಮಗುಚಿದರೆ ಒಳಗಿನ ಗಾಳಿಕೋಣೆಗಳಿಂದ ತೇಲುತ್ತಲೇ ಇರುವದು. ಒಬ್ಬಳು ಸುತ್ತಿ ಹೋಗಿ ನಡುಹಲಗೆಯ ಮೇಲೆ ನಿಂತು, ಹಗ್ಗ ಹಿಡಿದು ಹಿಂದಕ್ಕೆ ಒರಗುವಳು. ಇನ್ನೊಬ್ಬಳು ಒಳಭಾಗದಲ್ಲಿ ಒರಗಿಕೊಂಡಿರುವಳು. ದೋಣಿಯು ಎದ್ದಾಗ ಅವಳನ್ನೂ ಎತ್ತಿಕೊಂಡೇ ಏಳುವದು. ಇದನ್ನು ಗಾಳಿಯಿಲ್ಲದ ದಿನ ದಂಡೆಯ ಹತ್ತಿರ ಹತ್ತಾರು ಸಾರಿ ಬೇಕೆಂದೇ ಮಾಡಿಸಬೇಕು. ದೋಣಿಯನ್ನು ಆರಿಸುವಾಗ ನಾವು ಕೇಳತಕ್ಕ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು: ಈ ಇಬ್ಬರು ಹುಡುಗಿಯರು ಯಾರ ಸಹಾಯವಿಲ್ಲದೆ ಇದನ್ನು ಎಬ್ಬಿಸಬಲ್ಲರೋ? ಎಬ್ಬಿಸಲಾರದಿದ್ದರೆ ಅದು ಅವರ ದೋಣಿಯಲ್ಲ. ಟ್ರಪೀಜಿನ ಕೊಕ್ಕೆಯು ಒಂದೇ ಎಳೆತಕ್ಕೆ ಕಳಚುವಂಥದಾಗಿರಲಿ. ಹಗ್ಗ ಕೊಯ್ಯುವ ಚಿಕ್ಕ ಚೂರಿ ಕೈಗೆ ಸಿಕ್ಕುವಲ್ಲಿರಲಿ. ಉದ್ದ ಜಡೆಯನ್ನು ಬಿಗಿಯಾಗಿ ತುರುಬು ಕಟ್ಟಿ ಟೋಪಿಯೊಳಗೆ ಸೇರಿಸಬೇಕು, ಹಗ್ಗದ ರಾಟೆಯು ಕೂದಲನ್ನು ಬಲುಬೇಗ ನುಂಗುವದು. ಮೈ ಮುಚ್ಚುವ ಉದ್ದ ತೋಳಿನ ಅಂಗಿ, ಉದ್ದ ಕಾಲುಡುಪು ತೊಡಲು ಯಾವ ಅಡ್ಡಿಯೂ ಇಲ್ಲ. ಬಿಸಿಲಿಗೆ ಅದೇ ಒಳ್ಳೆಯದು. ಲೋಹದ ಕಂಬವನ್ನು ನಿಲ್ಲಿಸಿಕೊಂಡು ದೋಣಿಯನ್ನು ನೆಲದ ಮೇಲೆ ತಳ್ಳುವಾಗ ಮೇಲೆ ವಿದ್ಯುತ್ತಿನ ತಂತಿ ಇದೆಯೋ ಎಂದು ದೊಡ್ಡವರೊಬ್ಬರು ತಲೆಯೆತ್ತಿ ನೋಡಿಯೇ ತಳ್ಳಗೊಡಬೇಕು. ಈಜು ಬಾರದ ಮಗುವನ್ನು ಯಾವ ದೋಣಿಗೂ ಹತ್ತಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಇಬ್ಬರೊಳಗಿನ ಸ್ಥಾನವನ್ನು ಕುರಿತು. ಚುಕ್ಕಾಣಿ ಹಿಡಿದವಳೇ ಯಜಮಾನಿ, ಮುಂದಿನವಳು ಆಳು ಎಂದು ತಿಳಿದು ಎರಡು ಮನೆಗಳವರು ಮುನಿಸಿಕೊಂಡದ್ದುಂಟು. ನಿಜ ಸಂಗತಿಯೇ ಬೇರೆ. ಹಿಂದಿನವಳು ಚುಕ್ಕಾಣಿಯನ್ನೂ ದೊಡ್ಡ ಹಾಯಿಯನ್ನೂ ನೋಡಿಕೊಳ್ಳುವಳು. ಮುಂದಿನವಳು ಎರಡು ಹಾಯಿಗಳನ್ನೂ ತಂತಿಯನ್ನೂ ನಡುಹಲಗೆಯನ್ನೂ ನೋಡಿಕೊಂಡು, ಮುಂದೆ ಬರುವ ಗಾಳಿಯನ್ನು ನೀರಿನ ಮೇಲಣ ಕಪ್ಪು ನೆರಿಗೆಗಳಿಂದ ಓದಿ ಹೇಳುವಳು. ತಂತಿಯ ಮೇಲೆ ಹೊರಗೆ ನಿಂತ ಭಾರವು ಒಳಗೆ ಕೂತ ಭಾರಕ್ಕಿಂತ ಹೆಚ್ಚು ಕೆಲಸ ಮಾಡುವದರಿಂದ ಎತ್ತರವೂ ತೂಕವೂ ಹೆಚ್ಚಿದವಳು ಮುಂದೆ, ಹಗುರಾದವಳು ಹಿಂದೆ. ವಯಸ್ಸಿಗಾಗಲಿ ಮನೆಯ ಹಿರಿತನಕ್ಕಾಗಲಿ ಇಲ್ಲಿ ಲೆಕ್ಕವಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟು, ೨೦೨೫ರ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಮರಳಿದ ನೌಕಾದಳದ ತಾರಿಣಿ ಎಂಬ ಹಾಯಿಹಡಗಿನಲ್ಲಿಯೂ ಇಬ್ಬರೇ ಹೆಂಗಸರಿದ್ದರು: ದಿಲ್ನಾ ಮತ್ತು ರೂಪಾ. ಅಷ್ಟು ತಿಂಗಳುಗಳ ಕಾಲ ಇಬ್ಬರೇ ಒಂದು ಹಡಗಿನಲ್ಲಿ ಬಾಳಿದರೆಂಬದು, ನಮಗೆ, ಅವರು ದಾಟಿದ ಸಮುದ್ರಗಳಿಗಿಂತಲೂ ದೊಡ್ಡ ಆಶ್ಚರ್ಯ. ದೋಣಿಯನ್ನು ಕೊಳ್ಳುವ ಮೊದಲು ನಿಮ್ಮ ಹುಡುಗಿಯರು ಒಂದು ಮಳೆಗಾಲವಿಡೀ ಎರವಲಿನ ದೋಣಿಯಲ್ಲಿ ಜಗಳವಾಡದೆ, ಇಲ್ಲವೆ ಜಗಳವಾಡಿಯೂ ಮರುದಿನ ಕೂಡಿ, ಓಡಿಸುವರೋ ಎಂದು ನೋಡಿರಿ.

ಕಾಗದ ಬರೆದ ತಾಯಿಗೆ ನಾವು ಹೇಳಿದ್ದಿಷ್ಟು: ಆ ದೋಣಿಯನ್ನು ಮಾರಿಬಿಡಿರಿ, ಒಂದು ವರ್ಷ ಏನೂ ಕೊಳ್ಳಬೇಡಿರಿ, ಕ್ಲಬ್ಬಿನ ೪೨೦ರಲ್ಲಿ ಮಂದಗಾಳಿಯ ದಿನಗಳಲ್ಲಿ ಮಾತ್ರ ಇಳಿಸಿರಿ, ಕಿರಿಯವಳನ್ನು ಚುಕ್ಕಾಣಿಗೆ ಕೂರಿಸಿರಿ. ಕಿರಿಯವಳು ಮೂರು ವಾರ ದಂಡೆಯಲ್ಲಿಯೇ ಕೂತಿದ್ದು, ನಾಲ್ಕನೆಯ ವಾರ ತಾನಾಗಿ ಇಳಿದಳೆಂದು ತಾಯಿಯು ತಿಳಿಸಿದಳು. ಮೊನ್ನೆ ಬಂದ ಕಾಗದದಲ್ಲಿ ಇಬ್ಬರ ತೂಕವೂ ಬರೆದಿತ್ತು: ೫೨, ೪೯. ಈಗ ಕಿರಿಯವಳೇ ಮೂರು ಕಿಲೋ ಹೆಚ್ಚು. ಬರುವ ಜುಲೈ ತಿಂಗಳಿಗೆ ಇಬ್ಬರೂ ಸ್ಥಾನ ಬದಲಿಸಬೇಕೋ ಬೇಡವೋ ಎಂಬದು ಮನೆಯಲ್ಲಿ ನಡೆಯುತ್ತಿರುವ ಹೊಸ ಚರ್ಚೆಯಂತೆ.